ನಲ್ಲಿಗೆ ಸುತ್ತಿದ ಹಸಿರು ವೈರು

ಹೋದ ವಾರ ಬಸವಕಲ್ಯಾಣದ ನಮ್ಮ ಮನೆಗೆ ಕರೆಂಟಿನ ಓವನ್ ಬಂತು. ಮೊದಲ ಸಲ ಖಾಲಿ ಬಿಸಿ ಮಾಡಿದಾಗ ಒಳತಗಡಿಗೆ ಬಳಿದಿದ್ದ ಎಣ್ಣೆ ಸುಟ್ಟು ಅಡುಗೆಮನೆಯೆಲ್ಲ ಘಾಟು. ಹೆಂಡತಿ ಕಿಟಕಿ ತೆರೆದಳು. ನನಗೆ ಹುಮನಾಬಾದಿನಲ್ಲಿ ಬಾಡಿಗೆಗಿದ್ದಾಗಿನ ಪಕ್ಕದ ಮನೆಯ ಹಿರಿಯಾಕೆ, ಓಣಿಯವರೆಲ್ಲ ಚಿಕ್ಕಮ್ಮ ಎಂಬಂತೆ ಕರೆಯುತ್ತಿದ್ದ ಕಾಕು ನೆನಪಾದರು...

ಕಾಕು ಯಾರನ್ನೂ ನಂಬುತ್ತಿರಲಿಲ್ಲ. ದೀಪಾವಳಿ ಹತ್ತಿರವಾದಾಗ ಆ ಓಣಿಯವರು ಹಿಟ್ಟು, ತುಪ್ಪ, ಸಕ್ಕರೆ ಒಯ್ದು ಬೇಕರಿಯ ಭಟ್ಟಿಯಲ್ಲಿ ನಾನ್‌ಖಟಾಯಿ ಬಿಸ್ಕೀಟು ಮಾಡಿಸಿಕೊಂಡು ಬರುತ್ತಿದ್ದರು. ಉಳಿದವರು ಡಬ್ಬಿ ಕೊಟ್ಟು ಮನೆಗೆ ಮರಳಿದರೆ, ಕಾಕು ಭಟ್ಟಿಯ ಎದುರೇ ಕುಳಿತಿರುತ್ತಿದ್ದರು. ತಮ್ಮ ತುಪ್ಪ ಬೇರೆಯವರ ಹಿಟ್ಟಿಗೆ ಹೋದೀತೆಂಬ ಗುಮಾನಿ. ವರದಿಗಾರನಾದ ನನಗೂ ವಿನಾಯಿತಿ ಇರಲಿಲ್ಲ. "ನೀವು ಪೇಪರ್‌ದವರು. ನಿಮ್ಮ ಮಾತು ಅರ್ಧಾ ನಂಬಬೇಕು. ಆ ಅರ್ಧಾ ಯಾವುದು ಅಂತ ಮೊದಲ ಹೇಳ್ರಿ" ಎನ್ನುತ್ತಿದ್ದರು.

ಒಂದು ವರ್ಷ ಅವರ ಸೊಸೆ ತವರಿನಿಂದ ಓವನ್ ತರಿಸಿದಳು. ಮನೆಯಲ್ಲೇ ಬಿಸ್ಕೀಟು ಮಾಡಬೇಕು, ಓಣಿಯವರ ಹಿಟ್ಟನ್ನೂ ಬೇಯಿಸಿಕೊಡಬೇಕು ಎಂಬ ಆಸೆ ಆಕೆಗೆ. ವೈರಿಂಗ್ ಮಾಡಲು ಬಂದವನೂ ಅವಳ ತವರಾದ ಘಾಟಬೋರಾಳದವನೇ. ಕಾಕುವಿನ ಗುಮಾನಿಗೆ ಅಷ್ಟು ಸಾಕಾಯಿತು. ಮೀಟರ್ ಬೋರ್ಡಿನಿಂದ ದಪ್ಪ ವೈರಿನ ಬೇರೆ ಲೈನು ಎಳೆದು, ದೊಡ್ಡ ತ್ರೀಪಿನ್ ಸಾಕೆಟ್ ಕೂರಿಸಿ, ಓವನ್ ಚಾಲೂ ಮಾಡಿ ಅವನು ಕೈ ಒರೆಸಿಕೊಳ್ಳುವಾಗ ಕಾಕು ನನ್ನನ್ನು ಸಾಕ್ಷಿಗೆ ಕರೆದರು.

"ಇಬ್ಬರೂ ಒಂದೇ ಊರಿನವರು. ತಂದ ವೈರು ಗ್ವಾಡಿಗಿ ಹೋಗ್ಯಾದೋ, ಇವನ ಚೀಲಕ್ಕ ಹೋಗ್ಯಾದೋ, ನೀವೇ ನೋಡ್ರಿ."

ಸೊಸೆ ಪಕ್ಕದಲ್ಲೇ ಹಿಟ್ಟು ನಾದುತ್ತಲೇ ಇದ್ದಳು.

ಕಾಕು ಬೆರಳಿಟ್ಟು ಒಂದೊಂದೇ ವೈರಿನ ಗುಂಟ ನಡೆದರು. ಹಸಿರು ವೈರು ಮಾತ್ರ ಸಾಕೆಟ್‌ನಿಂದ ಕೆಳಗಿಳಿದು, ಪಾತ್ರೆ ತೊಳೆಯುವಲ್ಲಿನ ನಲ್ಲಿಯ ಪೈಪಿಗೆ ಸುತ್ತಿಕೊಂಡಿತ್ತು. ಆ ಓಣಿಯ ಹಳೆಯ ಮನೆಗಳಲ್ಲೆಲ್ಲ ಅದೇ ರೂಢಿ.

"ಕರೆಂಟಿಗೂ ನೀರು ಕುಡಸ್ತೀ ಏನಪ್ಪಾ?"

"ಅದು ಅರ್ತಿಂಗ್ ರೀ ಕಾಕು" ಎಂದು ಅವನು ನಕ್ಕ. "ಕಬ್ಬಿಣದ ಪೈಪು ನೆಲದಾಗ ಹೋಗಿರ್ತದ. ಕರೆಂಟ್ ಸೋರಿದ್ರ ನೆಲಕ್ಕ ಇಳೀತದ."

"ನೆಲಕ್ಕ ಹೋಗ್ಯಾದಂತ ನೀ ನೋಡೀಯೇನು?"

ಮೂವರೂ ಹೊರಗೆ ಹೋದೆವು. ಕಬ್ಬಿಣದ ಪೈಪು ಗೋಡೆ ದಾಟಿ ಒಂದು ಗೇಣು ಬಂದು ನಿಂತಿತ್ತು. ಅಲ್ಲಿಂದ ಮುಂದೆ ಪ್ಲಾಸ್ಟಿಕ್. ಆ ಬೇಸಿಗೆಯಲ್ಲಿ ಓಣಿ ಅಗೆದು ಹೊಸ ನೀರಿನ ಲೈನು ಹಾಕಿದ್ದರು.

ಅವನ ನಗು ನಿಂತಿತು. ಒಳಗೆ ಓಡಿ ಮೇನ್ ಸ್ವಿಚ್ ಇಳಿಸಿದ. ಓವನ್ನಿನ ಮೈಗೆ ಕರೆಂಟು ಸೋರಿದರೆ ಅದು ಇಳಿಯುವ ದಾರಿ ಇರಲಿಲ್ಲ, ನಲ್ಲಿಯಲ್ಲೇ ಬಂದು ನಿಲ್ಲುತ್ತಿತ್ತು. ಸೊಸೆ ಹಿಟ್ಟಿನ ಕೈ ತೊಳೆಯಲು ಅದೇ ನಲ್ಲಿಯ ಮುಂದೆ ನಿಂತಿದ್ದಳು. ಅಂದು ಕರೆಂಟು ಸೋರುತ್ತಿತ್ತೆಂದು ನಾನು ಹೇಳಲಾರೆ. ನಾನು ಕಂಡದ್ದು ಪ್ಲಾಸ್ಟಿಕ್ ಪೈಪು, ಮತ್ತು ಅವನ ಮುಖ...

ಮರುದಿನ ಅವನೇ ಹಿತ್ತಲಲ್ಲಿ ಗುಂಡಿ ತೋಡಿ, ತಗಡು ಹೂಳಿ, ಇದ್ದಿಲು ಉಪ್ಪು ತುಂಬಿ ಹಸಿರು ವೈರನ್ನು ಅಲ್ಲಿಗೆ ಇಳಿಸಿದ. ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚೊಂದನ್ನು ಬೋರ್ಡಿಗೆ ಹಾಕಿ, ಅದರ ಬಟನ್ ಒತ್ತಿ ಬೀಳಿಸಿ ತೋರಿಸಿದ. ಕಾಕು ಮತ್ತೆ ಒತ್ತಿಸಿದರು.

"ನನ್ನ ಮ್ಯಾಲೇ ಭರೋಸಾ ಇಲ್ಲ ಅಂತ ತಿಳಕೊಂಡಿದ್ದೆ ರೀ" ಎಂದಳು ಸೊಸೆ, ನನಗೆ.

ಕಾಕು ಕೇಳಿಸಿಕೊಂಡರು. "ಈಗೂ ಇಲ್ಲ. ಕೈ ಒರಸ್ಕೊಂಡು ಸ್ವಿಚ್ ಮುಟ್ಟು."

ಕಾಕು ಈಗಿಲ್ಲ. ನಿನ್ನೆ ನಮ್ಮ ಓವನ್ನಿನ ನೆಪದಲ್ಲಿ ಆ ಸೊಸೆಗೆ ಫೋನ್ ಮಾಡಿದೆ. ಓಣಿಯವರ ಹಿಟ್ಟು ಈಗಲೂ ಅವಳ ಮನೆಗೇ ಬರುತ್ತದಂತೆ.

"ಅತ್ತಿ ಇದ್ದಾಗ ಒಂದ್ ತಟ್ಟಿ ನಾನ್‌ಖಟಾಯಿನೂ ಅವರ ಮುಂದ ಪಾಸಾಗ್ತಿದ್ದಿಲ್ರಿ" ಎಂದಳು. "ಈಗ ಎಲ್ಲಾರೂ ಛಲೋ ಆಗ್ಯಾವ ಅಂತಾರ. ಯಾರ ಮಾತ ನಂಬಬೇಕು, ಹೇಳ್ರಿ?"