ರೇವಣ್ಣ ಮಾವನ ಮರದ ಕರಡಿಗೆ

ಜನವರಿ ೧೮, ಭಾನುವಾರ. ಬೆಳಿಗ್ಗೆ ೬.೧೦ಕ್ಕೆ ಬರೆಯಲು ಕೂತೆ.

ರೇವಣ್ಣ ಮಾವನ ಎದೆಯ ನಡುವೆ ಒಂದು ರೂಪಾಯಿ ನಾಣ್ಯದಗಲದ ಸುಟ್ಟ ಕಲೆ ಇತ್ತು. ಫಿನ್ಲೆಂಡ್ ಹೇಗಿತ್ತು ಎಂದು ಯಾರು ಕೇಳಿದರೂ ಮೊದಲು ಅಂಗಿಯ ಎರಡು ಗುಂಡಿ ಬಿಚ್ಚಿ ಅದನ್ನು ತೋರಿಸುತ್ತಿದ್ದರು. "ಪಾಸ್‌ಪೋರ್ಟಿನ ಸೀಲು ಅಳಿಸಬೋದು, ಇದು ಅಳಿಸಲ್ಲ" ಅನ್ನುತ್ತಿದ್ದರು.

ಹಿರಿಯೂರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ನೆಂಟಸ್ತಿಕೆ ಇಲ್ಲದಿದ್ದರೂ ನನಗೆ ಮಾವ. ಬೋರ್‌ವೆಲ್ ಲಾರಿಗಳ ಮೆಕ್ಯಾನಿಕ್. ಬಂಡೆ ಕೊರೆಯುವ ಹೊಸ ಯಂತ್ರದ ರಿಪೇರಿ ಕಲಿಯಲಿ ಎಂದು ಅವರ ಕಂಪನಿ ಒಂದು ಬೇಸಿಗೆಯಲ್ಲಿ ಇಪ್ಪತ್ತೊಂದು ದಿನ ಫಿನ್ಲೆಂಡಿಗೆ ಕಳಿಸಿತ್ತು. ಬಂದವರೇ ನನ್ನ ಮುಂದೆ ಕೂತು, "ಬರ್ಕಳಮ್ಮ, ನಂಗೆ ಮರ್ತೋಗ್ತೈತೆ" ಎಂದು ಎಲ್ಲವನ್ನೂ ಡೈರಿಯಲ್ಲಿ ಬರೆಸಿದರು. ಅದರ ಪ್ರಕಾರ ಸೌನಾ ಎಂಬ ಅಲ್ಲಿನ ಹಬೆಸ್ನಾನ ಹನ್ನೊಂದು ಸಲ, ಕೆರೆಗೆ ಹಾರಿದ್ದು ಒಂಬತ್ತು ಸಲ, ಮೀನು ಬೇಡವೆಂದು ಕೈಮುಗಿದದ್ದು ಹದಿನಾರು ಸಲ. ಹುಳಿ ಹುಳಿ ಕಪ್ಪು ರೊಟ್ಟಿ, ಬೇಯಿಸಿದ ಆಲೂಗಡ್ಡೆ, ಅನ್ನದ ಗಂಜಿ ತುಂಬಿ ಸುಟ್ಟ ದೋಣಿಯಾಕಾರದ ತಿಂಡಿ, ಇವುಗಳಲ್ಲೇ ಮೂರು ವಾರ ಕಳೆದಿದ್ದರು.

"ರಾತ್ರಿ ಹನ್ನೊಂದಕ್ಕೂ ಬಿಸ್ಲು ಐತೆ ಕಣಮ್ಮ. ಕೆರೆ ದಂಡೆ ಮ್ಯಾಲೆ ಒಂದು ದೊಡ್ಡ ಹಾಲ್ ಐತೆ, ಅಲ್ಲಿ ವಯಸ್ಸಾದ ಗಂಡ ಹೆಂಡ್ರು ಕುಣೀತಾರೆ. ಒಬ್ರೂ ನಗಲ್ಲ. ಜಗಳ ಆಡ್ದೋರು ರಾಜಿ ಆಗ್ತಿರಂಗೆ ಕಾಣ್ತೈತೆ."

ಒಳಗಿನಿಂದ ಮಾವನ ಹೆಂಡತಿ, ನನ್ನ ಪಾಲಿನ ಅತ್ತೆ, ಕೇಳಿದರು: "ನೀವೂ ಕುಣುದ್ರೇನು?"

"ಇಲ್ಲ ಕಣೇ, ಕೋಟು ಹಿಡ್ಕಂಡು ನಿಂತಿದ್ದೆ."

"ಯಾರ ಕೋಟು?"

ಮಾವ ತಟ್ಟನೆ ಸೌನಾದ ಕತೆಗೆ ಹೊರಳಿದರು.

ಕಲೆ ಬಿದ್ದದ್ದು ಮೊದಲನೇ ಸೌನಾದಲ್ಲಿ. ಮರದ ಪುಟ್ಟ ಕೋಣೆ, ಒಲೆಯ ಮೇಲೆ ಕಾದ ಕಲ್ಲುಗಳು, ನೀರು ಎರಚಿದರೆ ಭುಗ್ಗೆಂದು ಏಳುವ ಹಬೆ. ಉಂಗುರ, ಗಡಿಯಾರ ಎಲ್ಲ ಹೊರಗೆ ಬಿಚ್ಚಿಡಲು ಹೇಳಿದ್ದರು. ಮಾವ ಕೊರಳಿನ ಲಿಂಗವನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿಟ್ಟರು. ದೀಕ್ಷೆಯಾದ ದಿನದಿಂದ ಅದು ಮೈಯಿಂದ ದೂರವಾದದ್ದೇ ಇಲ್ಲ. ಆದರೆ ಲಿಂಗವಿದ್ದ ಕರಡಿಗೆ ಬೆಳ್ಳಿಯದು. ಎರಡನೇ ಸಲ ನೀರು ಎರಚುವಷ್ಟರಲ್ಲಿ ಅದು ಎದೆಯ ಮೇಲಿನ ಕೆಂಡವಾಯಿತು. ಎಲ್ಲರೂ ಸುಮ್ಮನೆ ಕೂತಿರುವಾಗ ತಾನೊಬ್ಬನೇ ಎದ್ದು ಹೋದರೆ ಹಿರಿಯೂರಿನ ಮರ್ಯಾದೆ ಏನಾಗಬೇಕು ಎಂದು ಹಲ್ಲು ಕಚ್ಚಿ ಕೂತರಂತೆ.

ಸೌನಾದ ಒಲೆ ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜ ಇದನ್ನು ಗಮನಿಸಿ, ಕೈ ಹಿಡಿದು ಹೊರಗೆ ಕರೆತಂದು, ತಣ್ಣೀರಿನ ಬಟ್ಟೆ ಒತ್ತಿದರು. ನಾಲ್ಕನೇ ದಿನ ಮಾವನ ಅಂಗೈಯಲ್ಲಿ ಒಂದು ಮರದ ಕರಡಿಗೆ ಇಟ್ಟರು. ಮೊಳೆಯಿಲ್ಲ, ಲೋಹವಿಲ್ಲ. ದಾರ ಪೋಣಿಸಲು ಎರಡು ತೂತು. ಮುಚ್ಚಳ ಹಾಕಿದರೆ ಗೆರೆಯೂ ಕಾಣದು.

"ಒಳಗಿರೋದು ಏನು ಅಂತ ಕೇಳ್ಲಿಲ್ಲಮ್ಮ. ಬಿಚ್ಚು ಅಂತ ಅನ್ಲಿಲ್ಲ. ಕಣ್ಣಳತೆ ಮ್ಯಾಲೇ ಮಾಡವ್ರೆ."

"ಅವರ ಹೆಸರೇನು ಮಾವ?"

ಮಾವ ತಲೆ ಕೆರೆದುಕೊಂಡರು. "ಒಳಗೆ ಯಾರೂ ಮಾತಾಡ್ತಿರ್ಲಿಲ್ಲ, ನಾನೆಂಗೆ ಕೇಳ್ಲಿ? ಹೊರಗೆ ಬಂದ್ಮೇಲೆ ಕೇಳಾಣ ಅಂದ್ರೆ ಆವಯ್ಯ ಕೆರೆಗೆ ಹಾರಿಬಿಡೋರು."

ಫೋನಿನಲ್ಲಿದ್ದ ಒಂದೇ ಫೋಟೊದಲ್ಲೂ ಅಜ್ಜನ ಬೆನ್ನು ಮಾತ್ರ ಇದೆ.

ಊರಿಗೆ ಬಂದ ಮಾವ ಅಲ್ಲಿ ನೋಡಿದಂತೆ ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ತಳವಿಲ್ಲದ ಕಪಾಟು ಮಾಡಿದರು. ತೊಳೆದ ತಟ್ಟೆ ಅದರ ಸರಳುಗಳ ಮೇಲಿಟ್ಟರೆ ನೀರು ತಾನೇ ಸೋರಿ ಒಣಗುತ್ತದೆ. ನಮ್ಮ ಬೀದಿಯಲ್ಲಿ ಈಗ ಅಂಥವು ಹದಿನಾಲ್ಕು. ಆಮೇಲೆ ಹಿತ್ತಲಲ್ಲಿ ಹಳೆಯ ಹಲಗೆಗಳಿಂದ ಸೌನಾ ಎದ್ದಿತು.

"ಲೇ ರೇವಣ್ಣ, ಹಿರಿಯೂರಾಗೆ ಕಟ್ಟಿಗೆ ಸುಟ್ಟು ಬೆವರ್ಬೇಕೇನೋ? ಏಪ್ರಿಲ್‌ನಾಗೆ ಬಸ್ ಸ್ಟ್ಯಾಂಡಾಗೆ ಕುಂತ್ರೆ ಆತು" ಎಂದು ನಮ್ಮಪ್ಪ ಛೇಡಿಸಿದರು.

"ಬೆವರೋದು ಅಲ್ಲೂ ಆಗ್ತೈತೆ ಕಣಪ್ಪ. ಬಾಯಿ ಮುಚ್ಕಂಡು ಕುಂತ್ಕಳೋದು ಎಲ್ಲಾಗ್ತೈತೆ?"

ಅಪ್ಪ ಒಂದು ಸಲ ಒಳಗೆ ಹೋದರು. ಆರು ನಿಮಿಷ ಕೂತರು, ಐದು ನಿಮಿಷ ಮಾತಾಡಿದರು.

ಅಜ್ಜನಿಗೆ ಕಳಿಸಲೆಂದು ಮಾವ ತೆಂಗಿನ ಚಿಪ್ಪಿನ ಸೌಟೊಂದನ್ನು ಮಾಡಿದ್ದರು, ಕಲ್ಲಿನ ಮೇಲೆ ನೀರು ಎರಚಲು. ಅದರಲ್ಲೂ ಮೊಳೆಯಿಲ್ಲ. ಆದರೆ ಎಲ್ಲಿಗೆ ಕಳಿಸುವುದು? ಕಂಪನಿ ಮುಚ್ಚಿಹೋಗಿತ್ತು. ಆ ಊರಿನ ಹೆಸರನ್ನು ಮಾವ ಮೂರು ಸಲ ಮೂರು ಥರ ಹೇಳಿದರು. ಮೂರನ್ನೂ ಬರೆದುಕೊಂಡೆ, ನಕ್ಷೆಯಲ್ಲಿ ಒಂದೂ ಸಿಗಲಿಲ್ಲ.

ಕಳೆದ ಶ್ರಾವಣದ ಒಂದು ಸಂಜೆ ಮಾವ ಆ ಸೌಟನ್ನು ಪೇಪರಿನಲ್ಲಿ ಸುತ್ತಿ ತಂದರು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. "ಬರ್ಕಳೋಳು ನೀನು. ಹುಡುಕೋಳೂ ನೀನೇ ಆಗು" ಎಂದರು. ಹನ್ನೆರಡು ದಿನಕ್ಕೆ ಹೋಗಿಬಿಟ್ಟರು.

ಮಾವನನ್ನು ಸಮಾಧಿಯಲ್ಲಿ ಕೂರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟ ಅಯ್ಯನವರು ಮರದ ಕರಡಿಗೆ ಹಿಡಿದು, "ಇದನ್ನ ಮನೆಯಾಗೆ ಇಟ್ಕಂತೀರೇನಮ್ಮ?" ಎಂದು ಅತ್ತೆಯನ್ನು ಕೇಳಿದರು.

"ಬ್ಯಾಡ್ರಿ ಸ್ವಾಮಿ. ಅದು ಅವರ ಎದೆ ಮ್ಯಾಲಿಂದು" ಎಂದರು ಅತ್ತೆ.

ಸೌಟು ನನ್ನ ಮೇಜಿನ ಮೇಲಿದೆ. ಅದಕ್ಕಿನ್ನೂ ನೀರು ಸೋಕಿಲ್ಲ. ಡೈರಿಯಲ್ಲಿರುವ ಗುರುತು ಇಷ್ಟೇ: ಫಿನ್ಲೆಂಡಿನಲ್ಲಿ ಒಂದು ಕೆರೆ. ದಂಡೆಯಲ್ಲಿ ಕೆಂಪು ಬಾಗಿಲಿನ ಸೌನಾ. ಎಡಗೈ ಕಿರುಬೆರಳಿನ ತುದಿ ಇಲ್ಲದ, ಮರಗೆಲಸ ಬಲ್ಲ ಅಜ್ಜ. ಅಲ್ಲಿ ಓದಲು, ದುಡಿಯಲು ಹೋದವರು ಯಾರಾದರೂ ಇವರನ್ನು ಕಂಡಿದ್ದರೆ, ಕೇಳಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಬರೀ ಹೆಸರು ಗೊತ್ತಿದ್ದರೂ ಸಾಕು.