ಜೋಳಿಗೆಗೆ ಹಾಕಿದ ಗುಳಿಗೆ

ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಗುರಪ್ಪ. ಸಿಟ್ಟಿನಿಂದ ಹೇಳಿದ್ದಲ್ಲ; ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಎಡ ಅಂಗೈಯ ತಂಬಾಕಿಗೆ ಸುಣ್ಣ ಹಚ್ಚಿ ಹೆಬ್ಬೆರಳಿನಿಂದ ತಿಕ್ಕುತ್ತ, ಇವತ್ತು ಮೋಡ ಇಲ್ಲ ಎಂದು ಹೇಳುವಷ್ಟೇ ನಿರಾಳವಾಗಿ ಹೇಳಿದ.

"ಮೂರು ತಾಸ ಒಂದ ಕಡಿ ಕುಂಡ್ರಲಾಕ ಆಗಲ್ದಾಕಿ ಬಿ.ಎ. ಹ್ಯಾಂಗ ಪಾಸಾಗ್ತಾಳವ್ವಾ? ಗುಳಗಿ ತಗೊಂಡ್ರ ನಿದ್ದಿ, ಬಿಟ್ರ ನೋವು. ಎರಡೂ ಆಗೂದಲ್ಲ. ಗುಳಗೀನೂ ಬಿಡಲ್ಲ, ಪರೀಕ್ಷಾನೂ ಮುಗಿಯಲ್ಲ."

ಅವ್ವಾ ಎಂದದ್ದು ಅವನ ತಾಯಿಗೆ, ಅಂದರೆ ನನ್ನ ಅಜ್ಜಿಗೆ. ನಾವು ಅಜ್ಜಿಯನ್ನು ಆಯಿ ಎನ್ನುತ್ತೇವೆ. ಆಯಿ ಹೊಸ್ತಿಲಲ್ಲಿ ಕುಳಿತು ತನ್ನ ಚಂಚಿಯ ದಾರ ಬಿಚ್ಚುತ್ತಿದ್ದಳು. ತಲೆ ಎತ್ತದೆ ಅಂದಳು: "ಸಾಲ್ಯಾಗ ನಾಕನೇತ್ತ ದಾಟಲಾಕ ನಿನಗ ಮೂರು ವರ್ಸ ಹಿಡೀತು. ನೀ ಆಕೀಗಿ ಹೇಳಲಕತ್ತಿ."

ಆ ಚಂಚಿಯ ವಿಷಯ ಹೇಳದೆ ಮುಂದಕ್ಕೆ ಹೋಗಲಾರೆ. ನೀವೂ ನೋಡಿರುತ್ತೀರಿ, ಈಗ ಕಡಿಮೆಯಾಗಿದೆ: ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಅಂಗೈಯಗಲದ ಚೀಲ, ಬಾಯಿ ಬಿಚ್ಚಿದರೆ ಒಳಗೆ ಗೂಡಿನೊಳಗೊಂದು ಗೂಡು, ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು, ಮತ್ತೆ ಯಾರಿಗೂ ತೋರಿಸದ ಐದನೆಯದೊಂದು. ಇಷ್ಟು ಸಣ್ಣ ವಸ್ತುವಿನಲ್ಲಿ ಅದೆಷ್ಟು ಶಿಸ್ತು! ಆಯಿ ಕತ್ತಲಲ್ಲೂ ಬೆರಳಿನಿಂದಲೇ ಯಾವ ಗೂಡು ಯಾವುದೆಂದು ಬಲ್ಲಳು. ಕೊನೆಗೆ ನನ್ನನ್ನು ದಡ ಸೇರಿಸಿದ್ದು ಆ ಚೀಲವೇ ಎಂದರೆ ಮುಂದೆ ನನಗೆ ಔಷಧ ಕೊಟ್ಟ ಡಾಕ್ಟರಮ್ಮ, ಉದಗೀರಿನ ಡಾಕ್ಟರಬಾಯಿ, ನಗಬಹುದು, ಆದರೆ ಅಲ್ಲಗಳೆಯಲಾರರು.

ಭೂಕಂಪವಾದಾಗ ನಾನು ಶಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿದ್ದೆ. ಗಡಿಯಾಚೆ ಮರಾಠಿ ನಾಡಿಗೆ ಸೇರಿದ ಉಮರ್ಗಾ ಸೀಮೆಯ ನಮ್ಮ ಊರಿನ ಮನೆಗಳೆಲ್ಲ ಕಲ್ಲು ಮಣ್ಣಿನ ದಪ್ಪ ಗೋಡೆಗಳವು. ಆ ಗೋಡೆಗಳ ಕೆಳಗಿನಿಂದ ನನ್ನನ್ನು ಹೊರತೆಗೆದರು, ಅಪ್ಪ ಅವ್ವನನ್ನು ತೆಗೆಯುವಷ್ಟರಲ್ಲಿ ಹೊತ್ತಾಗಿತ್ತು. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ನಮ್ಮ ಭಾಗದಲ್ಲಿ ಇದನ್ನು ಯಾರೂ ಹೆಚ್ಚು ಹೇಳುವುದಿಲ್ಲ, ಕೇಳುವವರ ಮನೆಯಲ್ಲೂ ಇದೇ ಇರುತ್ತದೆ. ಗುರಪ್ಪ ಮಾವ ಬಂದು ನನ್ನನ್ನು ನಿಲಂಗಾ ಹತ್ತಿರದ ತನ್ನ ಊರಿಗೆ ಹೊತ್ತುಕೊಂಡು ಹೋದ. ಹೊತ್ತುಕೊಂಡು ಎಂದರೆ ಹೆಗಲ ಮೇಲೆಯೇ, ಯಾಕೆಂದರೆ ನನ್ನ ಸೊಂಟ ನೆಟ್ಟಗಿರಲಿಲ್ಲ. ಆ ಸೊಂಟ ಹನ್ನೆರಡು ವರ್ಷ ಹೇಗೋ ನಡೆಯಿತು. ಹೊಲಿಗೆಯ ಯಂತ್ರ ತುಳಿದೆ, ಹನ್ನೆರಡನೆಯದು ಮುಗಿಸಿದೆ, ಹೊರಗಿನಿಂದ ಬಿ.ಎ.ಗೆ ಕಟ್ಟಿದೆ. ಆಮೇಲೆ ಒಂದು ದಿನ ಬಲಗಾಲು ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಸೊಲ್ಲಾಪುರಕ್ಕೆ ಹೋಗಿ ಬೆನ್ನುಮೂಳೆಗೆ ಕತ್ತರಿ ಹಾಕಿಸಿಕೊಂಡು ಬಂದೆ. ಕಾಲು ಮರಳಿ ನನ್ನದಾಯಿತು. ನೋವು ಮಾತ್ರ ಹೋಗಲಿಲ್ಲ. ಊಟಕ್ಕೆಂದು ಬಂದು ಹಾಸಿಗೆ ಬಿಚ್ಚಿದ ನೆಂಟನ ಹಾಗೆ ಉಳಿದುಬಿಟ್ಟಿತು.

ಹದಿನೈದು ದಿನಕ್ಕೆಂದು ಬರೆದುಕೊಟ್ಟ ಗುಳಿಗೆಯನ್ನು ನಾನು ಎರಡು ವರ್ಷ ನುಂಗಿದೆ. ಹಳೆಯ ಚೀಟಿ ತೋರಿಸಿದರೆ ಅಂಗಡಿಯಲ್ಲಿ ಕೊಡುತ್ತಿದ್ದರು, ಆಮೇಲಾಮೇಲೆ ಚೀಟಿಯನ್ನೂ ಕೇಳಲಿಲ್ಲ. ದಿನಕ್ಕೆರಡು ಇದ್ದದ್ದು ನಾಲ್ಕಾಯಿತು, ನಾಲ್ಕು ಎಂಟಾಯಿತು. ಅದು ಅಫೀಮಿನ ಕುಲದ ಗುಳಿಗೆ ಎಂದು ನನಗೆ ಗೊತ್ತಾಗುವ ಮೊದಲೇ ನನ್ನ ಮೈಗೆ ಗೊತ್ತಾಗಿತ್ತು. ಗುಳಿಗೆ ಒಳಗೆ ಹೋದ ಅರ್ಧ ತಾಸಿಗೆ ಜಗತ್ತೆಲ್ಲ ಹಿಂಜಿದ ಅರಳೆಯಾಗುತ್ತಿತ್ತು: ನೋವು ಅರಳೆಯೊಳಗೆ, ನಾನು ಅರಳೆಯೊಳಗೆ, ಓದಿದ ಇತಿಹಾಸವೂ ಅರಳೆಯೊಳಗೆ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಬರೆದು, ಉತ್ತರಪತ್ರಿಕೆಯ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟೆ. ಗಂಟೆ ಬಾರಿಸಿದಾಗ ಶಾಯಿ ನನ್ನ ಮುಖದ ಮೇಲಿತ್ತು. ಮಾವ ಕಟ್ಟೆಯ ಮೇಲೆ ಕುಳಿತು ಆ ಮಾತು ಹೇಳಿದ್ದು ಆ ಸಂಜೆಯೇ.

ಅಫೀಮು ಎಂದಾಗ ಆಯಿಗೆ ಆಶ್ಚರ್ಯವೇ ಆಗಲಿಲ್ಲ. ನಿಜಾಮರ ಕಾಲದಲ್ಲಿ ಕಳೆ ತೆಗೆಯಲು ಹೋಗುವ ತಾಯಂದಿರು ಸಾಸಿವೆಯಷ್ಟು ಅಫೀಮನ್ನು ಹಾಲಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸಿ, ಗಿಡದ ನೆರಳಿನ ಜೋಲಿಯಲ್ಲಿ ಹಾಕಿ ಹೋಗುತ್ತಿದ್ದರಂತೆ. "ನಿನ್ನ ಮಾವಗ ನಾನೇ ನೆಕ್ಕಿಸೀನಿ. ಅದಕ್ಕೇ ನೋಡು, ಇನ್ನಾ ಎಚ್ಚರ ಆಗಿಲ್ಲ ಅಂವಗ," ಎಂದಳು, ಮಾವನಿಗೆ ಕೇಳುವ ಹಾಗೆ. ನಾನು ನಕ್ಕೆ; ಆಮೇಲೆ ಬಹಳ ಹೊತ್ತು ಯೋಚಿಸಿದೆ. ಕೂಸಿನ ಅಳು ನಿಲ್ಲಿಸುವುದಕ್ಕೂ ಕೂಸಿನ ಹಸಿವು ನಿಲ್ಲಿಸುವುದಕ್ಕೂ ಎಷ್ಟು ಅಂತರ! ನನ್ನ ಗುಳಿಗೆಯೂ ಅಳುವನ್ನಷ್ಟೇ ನಿಲ್ಲಿಸುತ್ತಿತ್ತು. ಒಳಗಿನ ಕೂಸು ಎರಡು ವರ್ಷದಿಂದ ಉಪವಾಸವಿತ್ತು.

ಬಿಡಬೇಕೆಂದು ನಿಶ್ಚಯಿಸಿದೆ. ಬಿಡುವುದು ಹೇಗೆಂದು ನಮ್ಮ ಊರಿನಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ, ಅದಕ್ಕೊಂದು ಕಟ್ಟಳೆಯೇ ಇದೆ. ಶ್ರಾವಣದಲ್ಲಿ ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಬರುತ್ತಾರೆ. ಕಾಳು ಬೇಡ, ದುಡ್ಡು ಬೇಡ, ನಿಮ್ಮ ಚಟ ಹಾಕಿ ಎಂದು ಭಿಕ್ಷೆ ಕೇಳುತ್ತಾರೆ. ಒಬ್ಬ ಬೀಡಿಯ ಕಟ್ಟು ಹಾಕುತ್ತಾನೆ, ಒಬ್ಬ ಗುಟಕಾ, ಒಬ್ಬ ಸೀಸೆಯ ಮುಚ್ಚಳ. ಹಾಕಿದ ಮೇಲೆ ಮುಗಿಯಿತು, ಮತ್ತೆ ಮುಟ್ಟುವ ಹಾಗಿಲ್ಲ. ಗುರಪ್ಪ ಮಾವ ಪ್ರತಿ ಶ್ರಾವಣದಲ್ಲಿ ಭಕ್ತಿಯಿಂದ ತಂಬಾಕು ಹಾಕುತ್ತಾನೆ, ಭಾದ್ರಪದದಲ್ಲಿ ಅಷ್ಟೇ ಭಕ್ತಿಯಿಂದ ಹೊಸ ಪುಡಿಕೆ ತರುತ್ತಾನೆ. ನಾನು ಮಾವನಂತಲ್ಲ ಎಂಬ ಹೆಮ್ಮೆ ನನಗೆ. ಸೋಮವಾರ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಓಣಿಯ ಮಂದಿಯ ಎದುರಿಗೆ ಜೋಳಿಗೆಗೆ ಸುರಿದೆ.

ಗೆಳೆಯರೇ, ಅಂಥ ತಪ್ಪನ್ನು ನಮ್ಮಂಥ ಭಕ್ತರೇ ಮಾಡಲು ಸಾಧ್ಯ. ಮಂಗಳವಾರ ಮಧ್ಯಾಹ್ನ ಆಕಳಿಕೆ ಶುರುವಾಯಿತು, ಮೂಗು ಸೋರಿತು, ಬಿಸಿಲಿನಲ್ಲಿ ಕೂತರೂ ಮೈಯೆಲ್ಲ ಮುಳ್ಳೆದ್ದಿತು. ಬುಧವಾರ ಹೊಟ್ಟೆ ತಿರುವಿ ತಿರುವಿ ಖಾಲಿಯಾಯಿತು. ಕಾಲುಗಳು ನನ್ನನ್ನು ಬಿಟ್ಟು ಓಡಿಹೋಗಲು ಒದ್ದಾಡಿದವು. ಇನ್ನು ಹಳೆಯ ನೋವು? ಅರಳೆ ಸುಟ್ಟುಹೋದ ಮೇಲೆ ಒಳಗಿನ ಸೂಜಿ ಕಂಡ ಹಾಗೆ. ಓಣಿಯವರು ಬಂದು ದೇವರು ಮೈಮೇಲೆ ಬಂದಿದೆಯೇನೋ ಎಂದು ಕುಂಕುಮ ಇಟ್ಟುಹೋದರು. ಗುರುವಾರ ಬೆಳಿಗ್ಗೆ ಮಾವ ಹದಿನಾಲ್ಕು ವರ್ಷದ ಹಿಂದಿನ ಹಾಗೆಯೇ ನನ್ನನ್ನು ಎತ್ತಿಕೊಂಡು ಹೋಗಿ ಉದಗೀರಿನ ಬಸ್ಸಿನಲ್ಲಿ ಕೂರಿಸಿದ.

ಉದಗೀರಿನ ಡಾಕ್ಟರಬಾಯಿ ಬೀದರ ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಎಲ್ಲ ಕೇಳಿ ಹಣೆ ಹಣೆ ಬಡಿದುಕೊಂಡರು.

"ಮಾಳಗಿ ಮ್ಯಾಲಿಂದ ಇಳೀಬೇಕಾದ್ರ ಜಿಗೀತಾರೇನವಾ? ನಿಚ್ಚಣಿಕಿ ಇರ್ತದಲ್ಲ?"

"ಎಲ್ಲಾರೂ ಹಿಂಗೇ ಬಿಡ್ತಾರ್ರೀ," ಎಂದೆ.

"ಅವರು ಚಟಾ ಬಿಡ್ತಾರ. ನೀ ಚಟಾ ಮಾಡೀದಿ ಅಂತ ಯಾರಂದ್ರು? ಆಪರೇಶನ್ ಆಗ್ಯಾದ, ಔಷಧ ತಗೊಂಡೀದಿ, ಮೈ ಅದಕ್ಕ ಒಗ್ಗ್ಯಾದ. ಮೈಗಿ ತಿಳೀಲಾರದಂಗ ಹಳೂ ಹಳೂ ಇಳಸೋಣು. ಹದಿನೈದು ದಿನಕ್ಕೊಮ್ಮಿ ಅರ್ಧ ಗುಳಗಿ ಕಮ್ಮಿ. ತ್ರಾಸ ಆದ್ರ ಅಲ್ಲೇ ನಿಲ್ಲು, ಮ್ಯಾಲ ಮಾತ್ರ ಹತ್ತಬ್ಯಾಡ. ನನ್ನ ಕೇಳದ ಒಂದು ಚೂರೂ ಹೆಚ್ಚು ಕಮ್ಮಿ ಮಾಡಬ್ಯಾಡ." ಆಮೇಲೆ ದನಿ ಇಳಿಸಿ ಇನ್ನೊಂದು ಮಾತು ಹೇಳಿದರು: ಇಷ್ಟು ದಿನ ತಿಂದ ಗುಳಿಗೆಯೇ ಕೆಲವೊಮ್ಮೆ ನೋವಿಗೆ ಸಾಣೆ ಹಿಡಿಯುತ್ತದೆ, ಇಳಿದಂತೆ ಅದರ ಮೊನೆ ಮೊಂಡಾಗಬಹುದು, ನೋವು ಪೂರಾ ಹೋಗುತ್ತದೆಂದು ಮಾತ್ರ ನಾನು ಆಣೆ ಇಡುವುದಿಲ್ಲ. ಆಣೆ ಇಡದಿದ್ದಕ್ಕೇ ನಾನು ಅವರನ್ನು ನಂಬಿದೆ.

ಹೀಗೆ, ಜೋಳಿಗೆಗೆ ಹಾಕಿದ್ದನ್ನು ನಾನು ಮರಳಿ ನುಂಗಬೇಕಾಯಿತು. ಊರೆಂದರೆ ಊರೇ. ನೀರಿನ ಟಾಕಿಯ ಹತ್ತಿರ ಹೆಂಗಸರು ನನ್ನ ಕೊಡಕ್ಕೆ ದಾರಿ ಬಿಡುತ್ತ ಮುಖ ತಿರುಗಿಸಿದರು. ಮಾವ ಕಟ್ಟೆಯ ಮೇಲಿಂದ, "ಜೋಳಗಿಂದ ವಾಪಸ್ ತಗೊಂಡಾಕಿ ಬಂದ್ಳು ನೋಡ್ರಿ," ಎಂದ. ಅವಮಾನದಿಂದ ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ನಿಂತೆ. ಅವರು ವಯಸ್ಸಾದವರು; ಕಿವಿ ಮಂದ, ಬುದ್ಧಿಯಲ್ಲ. ಎಲ್ಲ ಕೇಳಿಸಿಕೊಂಡು, "ಒಮ್ಮೇಗೇ ಹಾಕಬೇಕಂತ ಜೋಳಗಿ ಹೇಳಿತ್ತೇನು? ಅರ್ಧ ಅರ್ಧ ತಂದು ಹಾಕು. ಜೋಳಗಿ ಎಲ್ಲಿಗೂ ಹೋಗಲ್ಲ, ನಾನೂ ಸದ್ಯಕ್ಕ ಎಲ್ಲಿಗೂ ಹೋಗಲ್ಲ," ಎಂದರು. ಆ ದಿನದಿಂದ ಹದಿನೈದು ದಿನಕ್ಕೊಮ್ಮೆ ಅರ್ಧ ಗುಳಿಗೆ ಹಿಡಿದು ಮಠದ ಮೆಟ್ಟಿಲು ಹತ್ತಿದೆ. ಇಷ್ಟು ಸಣ್ಣ ಭಿಕ್ಷೆ ಆ ಜೋಳಿಗೆಗೆ ಎಂದೂ ಬಿದ್ದಿರಲಿಕ್ಕಿಲ್ಲ.

ಚಂಚಿ ನನ್ನ ಕೈಗೆ ಬಂದದ್ದು ಆಗಲೇ. ಆಯಿ ಅದರೊಳಗಿನದನ್ನೆಲ್ಲ ಮಡಿಲಿಗೆ ಸುರಿದುಕೊಂಡು, ಸೀರೆಯ ಸೆರಗಿನಿಂದ ಒಳಗೆ ಒರೆಸಿ ಕೊಟ್ಟಳು. "ಹೊತ್ತಿಗೊಂದು ಗೂಡು. ಮುಂಜಾನಿದು ಇಲ್ಲಿ, ಮಧ್ಯಾನದು ಇಲ್ಲಿ. ಒಂದರ ಹೊತ್ತಿನಾಗ ಇನ್ನೊಂದಕ್ಕ ಕೈ ಹಾಕಬ್ಯಾಡ. ನೀ ಅರ್ಧ ಬಿಟ್ಟಂಗೆಲ್ಲ ನಾ ಒಂದು ಚಿಟಿಕಿ ತಂಬಾಕ ಬಿಡ್ತೀನಿ." ತಂಬಾಕಿನ ವಾಸನೆ ಗುಳಿಗೆಗೆ ಹತ್ತಿತು, ಎಂಟು ತಿಂಗಳು ನನ್ನ ಔಷಧಕ್ಕೆ ಆಯಿಯ ಬಾಯಿಯ ವಾಸನೆಯಿತ್ತು.

ಆ ತಿಂಗಳುಗಳಲ್ಲಿ ನಾನು ನೋವಿನ ಬಗ್ಗೆ ಕಲಿತದ್ದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಲಾರದು. ನೋವಿಗೆ ಗಡಿಯಾರವಿದೆ. ಇಪ್ಪತ್ತು ನಿಮಿಷ ಕುಳಿತರೆ ಸುಮ್ಮನಿರುತ್ತದೆ, ಇಪ್ಪತ್ತೈದಕ್ಕೆ ಗುರುಗುಟ್ಟುತ್ತದೆ, ನಲವತ್ತಕ್ಕೆ ಕಚ್ಚುತ್ತದೆ. ಹಾಗಾದರೆ ಹತ್ತೊಂಬತ್ತಕ್ಕೇ ಎದ್ದುಬಿಡುವುದು ಜಾಣತನ. ಕಚ್ಚುವವರೆಗೆ ಕಾದು ಆಮೇಲೆ ಗುಳಿಗೆ ಹುಡುಕುವುದು ನಾನು ಎರಡು ವರ್ಷ ಮಾಡಿದ ದಡ್ಡತನ. ಹೊಲಿಗೆಯ ಯಂತ್ರದ ಮುಂದೆ ಹಾಗೆ ಎದ್ದೆ, ಪುಸ್ತಕದ ಮುಂದೆ ಹಾಗೆ ಎದ್ದೆ. ಬೆಳಿಗ್ಗೆ ಕೆರೆಯ ಏರಿಯವರೆಗೆ ನಡೆದೆ, ಮೊದಲು ಅರ್ಧ ದಾರಿ, ಆಮೇಲೆ ಪೂರ್ತಿ. ಬಿಸಿ ಇಟ್ಟಿಗೆಯನ್ನು ಅರಿವೆಯಲ್ಲಿ ಸುತ್ತಿ ಸೊಂಟಕ್ಕಿಟ್ಟುಕೊಂಡೆ. ಎಡಗೈಯಲ್ಲಿ ಲಿಂಗ ಹಿಡಿದು ದೃಷ್ಟಿ ನೆಟ್ಟು ಕುಳಿತಾಗ, ಮೊದಲು ನೋವನ್ನು ಓಡಿಸು ಎಂದು ಬೇಡುತ್ತಿದ್ದೆ. ಬರಬರುತ್ತ ಬೇಡುವುದು ನಿಂತು, ಉಸಿರು ಬರುವುದನ್ನೂ ಹೋಗುವುದನ್ನೂ ನೋಡುವುದಷ್ಟೇ ಉಳಿಯಿತು. ನೋವು ಪಕ್ಕದಲ್ಲೇ ಇತ್ತು, ಆದರೆ ಪೂಜೆಗೆ ಅಡ್ಡ ಬರಲಿಲ್ಲ. ಪವಾಡವಲ್ಲ ಇದು, ರೂಢಿ.

ಕೊನೆಯ ಅರ್ಧ ಗುಳಿಗೆ ಮಾತ್ರ ಮೊದಲಿನ ಏಳೂವರೆಗಿಂತ ಭಾರವಾಗಿತ್ತು. ಅದನ್ನು ಐದನೆಯ ಗೂಡಿನಲ್ಲಿಟ್ಟುಕೊಂಡು ಡಾಕ್ಟರಬಾಯಿಗೆ ಹೇಳಿ ಒಂದು ತಿಂಗಳು ದಿನಕ್ಕೆ ಅರ್ಧದಲ್ಲೇ ನಿಂತೆ. ಆಮೇಲೆ ಒಂದು ಬೆಳಿಗ್ಗೆ ಮಠಕ್ಕೆ ಒಯ್ದು ಹಾಕಿದೆ. ಸ್ವಾಮಿಗಳು ಜೋಳಿಗೆಯೊಳಗೆ ಇಣುಕಿ, "ಇಷ್ಟೇನಾ?" ಎಂದರು. ಇಷ್ಟೇ ಎಂದೆ. ಇನ್ನು ಆಯಿಯ ಕಥೆ: ಆಕೆ ಕೊನೆಯ ಚಿಟಿಕೆಯವರೆಗೆ ಬಂದು, ಅದನ್ನು ಬಿಡುವುದು ಶಿವನ ಮನಸ್ಸಿನಲ್ಲಿಲ್ಲ ಎಂದು ತೀರ್ಮಾನಿಸಿದಳು.

ಉಳಿದ ವಿಷಯಗಳನ್ನು ಕಟ್ಟುತ್ತ, ಬರೆಯುತ್ತ, ಕೊನೆಯ ವರ್ಷದ ಕೊನೆಯ ಪತ್ರಿಕೆಗೆ ಉಮರ್ಗಾಕ್ಕೆ ಹೋದೆ. ಡಾಕ್ಟರಬಾಯಿಯ ಚೀಟಿ ತೋರಿಸಿ, ನಡುನಡುವೆ ನಿಂತು ಬರೆಯುತ್ತೇನೆ ಎಂದು ಮೇಲ್ವಿಚಾರಕಿಯನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಾಲೇಲ. ಖಿಡಕೀಪಾಶೀ ಬಸಾ," ಎಂದು ಮರಾಠಿಯಲ್ಲೇ ಒಪ್ಪಿ ಕಿಟಕಿಯ ಪಕ್ಕದ ಬೆಂಚು ತೋರಿಸಿದರು. ಕಿಟಕಿಯ ಕಟ್ಟೆ ಎದೆಮಟ್ಟದಲ್ಲಿತ್ತು, ಬರೆಯುವುದಕ್ಕೆಂದೇ ಕಟ್ಟಿದ ಹಾಗೆ. ಹತ್ತೊಂಬತ್ತು ನಿಮಿಷ ಕುಳಿತು, ಐದು ನಿಮಿಷ ನಿಂತು, ಮೂರು ತಾಸು ಬರೆದೆ. ಮನೆಯಲ್ಲಿ ಕನ್ನಡ ಮಾತಾಡಿ, ಮರಾಠಿಯಲ್ಲಿ ಉತ್ತರ ಬರೆದು, ಎರಡರಲ್ಲೂ ನೋವು ತಿಂದವಳು ನಾನು. ಆ ದಿನ ಹಾಳೆಯ ಮೇಲೆ ಕೆನ್ನೆಯಿಡಲಿಲ್ಲ. ಗಂಟೆ ಬಾರಿಸಿದಾಗ ಸೊಂಟ ಉರಿಯುತ್ತಿತ್ತು, ತಲೆ ಮಾತ್ರ ತೊಳೆದ ಪಾಟಿಯ ಹಾಗೆ ಸ್ವಚ್ಛವಿತ್ತು.

ಪ್ರಮಾಣಪತ್ರವನ್ನು ಕಾಲೇಜಿನ ಗುಮಾಸ್ತರು ಕಿಟಕಿಯ ಸಣ್ಣ ತೂತಿನಿಂದ ಕೊಟ್ಟರು. ರುಜು ಮಾಡಿಸಿಕೊಂಡರು, ಮುಂದಿನವರನ್ನು ಕರೆದರು, ಅಷ್ಟೇ. ನಮ್ಮ ವಂಶದಲ್ಲಿ ಮೊದಲ ಪದವಿ ಹಾಗೆ ಕೈಗೆ ಬಂತು. ಬಸ್ಸಿನಲ್ಲಿ ಅರ್ಧ ದಾರಿ ನಿಂತೇ ಬಂದೆ, ಸೀಟು ಖಾಲಿಯಿದ್ದರೂ.

ಆಯಿ ಕಾಗದವನ್ನು ಹಣೆಗೆ ಮುಟ್ಟಿಸಿಕೊಂಡು, ತಿರುಗಿಸಿ ಹಿಂಭಾಗದಲ್ಲೇನೂ ಇಲ್ಲವೇ ಎಂದು ನೋಡಿದಳು. ನಾನು ಚಂಚಿಯನ್ನು ಅವಳ ಮಡಿಲಿಗೆ ಮರಳಿ ಇಟ್ಟೆ. ಅವಳು ಐದೂ ಗೂಡುಗಳನ್ನು ಬೆರಳಿನಿಂದ ಒಂದೊಂದಾಗಿ ತಡಕಿದಳು; ಯಾವುದರಲ್ಲೂ ಏನೂ ಇರಲಿಲ್ಲ. ಅದೇ ಚೀಲ, ಅದೇ ಹೊಲಿಗೆ. ತುಂಬಿದ್ದಾಗಲೂ ಅಷ್ಟು ಚೆಂದ ಕಂಡಿರಲಿಲ್ಲ.

ಗುರಪ್ಪ ಮಾವ ಕಟ್ಟೆಯಿಂದ ಎದ್ದ. ಬೇವಿನ ಬುಡಕ್ಕೆ ಹೋಗಿ ಬಾಯಿಯ ತಂಬಾಕು ಉಗುಳಿದ, ತಂಬಿಗೆಯ ನೀರಿನಿಂದ ಎರಡು ಸಲ ಬಾಯಿ ಮುಕ್ಕಳಿಸಿದ, ಕೈ ತೊಳೆದು ಧೋತರಕ್ಕೆ ಒರೆಸಿಕೊಂಡ. ನಾನು ಪ್ರಮಾಣಪತ್ರ ಕೊಟ್ಟೆ. ಅವನು ಎರಡೂ ಅಂಗೈಗಳ ಮೇಲೆ ಅದನ್ನು ಹಿಡಿದು, ನನ್ನ ಹೆಸರಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿ ಮುಗಿಸಿದ. ಆಮೇಲೆ ನನ್ನ ಕಡೆ ನೋಡದೆ ಅಂದ:

"ಆಗೂದಲ್ಲ ಅಂತ ನಾ ಅಂದದ್ದು ನಾ ಮರತಬಿಟ್ಟೀನಿ, ಪಾರಿ. ನೀ ಮಾತ್ರ ಮರೀಬ್ಯಾಡ. ಎಂ.ಎ.ಗೂ ಬೇಕಾಗ್ತದ."