ಮದ್ದಳೆಯವನ ಜಾಗ

ಹಲ್ಲುನೋವಿಗೆಂದು ಮೊನ್ನೆ ಲವಂಗದೆಣ್ಣೆಯ ಸೀಸೆ ಬಿಚ್ಚಿದೆ. ನೋವು ಎಲ್ಲಿ ಹೋಯಿತೋ, ನೆರೂಳಿನ ಈ ಅಡುಗೆಮನೆಯಿಂದ ನೇರ ಡೊಂಬಿವಲಿಯ ಹಳೇ ಬಿಲ್ಡಿಂಗಿಗೆ ಹೋಗಿ, ಎದುರುಮನೆ ಕಾಕಾನ ಬಾಗಿಲಲ್ಲಿ ನಿಂತಿದ್ದೆ. ಆ ಮನೆಯ ತುಂಬ ಇದೇ ವಾಸನೆ...

ತೊಂಬತ್ತರ ದಶಕದ ಮಾತು. ನಾನು ಬಿಜಾಪುರ ಕಡೆಯಿಂದ ಮದುವೆಯಾಗಿ ಬಂದವಳು. ಕಾಕಾ ಉಡುಪಿ ಕಡೆಯವರು, ಒಂಟಿ ಜೀವ, ಸರಕಿನ ಹಡಗಿನಲ್ಲಿ ಅಡುಗೆ ಮಾಡಿ ಆಯುಷ್ಯ ಕಳೆದವರು. ಇಬ್ಬರದೂ ಕನ್ನಡವೇ, ಆದರೂ ಮೊದಮೊದಲು ನನ್ನ ಅರ್ಧ ಮಾತು ಅವರಿಗೆ ತಿಳಿಯುತ್ತಿರಲಿಲ್ಲ, ಅವರ ಅರ್ಧ ನನಗೆ.

ಅವರ ಷೋಕೇಸಿನಲ್ಲಿ ಬಾಲಿ ದ್ವೀಪದ ಮರದ ಬೊಂಬೆಗಳಿದ್ದವು. ತಲೆಗೆ ವಸ್ತ್ರ ಸುತ್ತಿ, ಚಕ್ಕಳಮಕ್ಕಳ ಹಾಕಿ ಕೂತ ವಾದ್ಯಗಾರರು. ಕೊಳಲಿನವನು, ತಂತಿವಾದ್ಯದವನು, ಜಾಗಟೆಯವನು, ಕಂಚಿನ ಪಟ್ಟಿ ಬಾರಿಸುವವನು. ಆ ಕಡೆಯ ಬಂದರುಗಳಲ್ಲಿ ಹಡಗು ನಿಂತಾಗಲೆಲ್ಲ ಹಳೇ ಸಾಮಾನಿನ ಅಂಗಡಿ ಹುಡುಕಿ ಒಂದೊಂದಾಗಿ ತಂದದ್ದು. ಹೊಸದಾಗಿ ಕೆತ್ತಿ ಪಾಲಿಶ್ ಹಚ್ಚಿದ್ದು ಅವರಿಗೆ ಬೇಡ. ಹಿಂದಿನವರ ಕೈಯಾಡಿ ಅಂಚು ಸವೆದಿರಬೇಕು. ಹುಳ ಹಿಡಿಯದಿರಲೆಂದು ಲವಂಗದೆಣ್ಣೆ ಒರೆಸುತ್ತಿದ್ದರು.

ಆದರೆ ಮದ್ದಳೆಯವನಿರಲಿಲ್ಲ. ಅದೇ ಅವರ ಕೊರಗು. “ಅಲ್ಲಿ ಮದ್ದಳೆಯವ ಕೈ ಎತ್ತದೆ ಯಾರೂ ಶುರು ಮಾಡುದಿಲ್ಲ ಮಾರಾಯ್ತಿ. ಇವರೆಲ್ಲ ಅವನಿಗೇ ಕಾಯ್ತಾ ಕೂತದ್ದು” ಎನ್ನುತ್ತಿದ್ದರು. ಹಡಗಿನ ಕೆಲಸ ಬಿಟ್ಟ ಮೇಲೂ ಹುಡುಕಾಟ ಬಿಡಲಿಲ್ಲ. ರವಿವಾರ ಬಂತೆಂದರೆ ಲೋಕಲ್ ರೈಲು ಹಿಡಿದು ಉಲ್ಹಾಸನಗರದ ಹಳೇ ಸಾಮಾನಿನ ಅಂಗಡಿಗಳಿಗೆ ಹೋಗುವರು. ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತುವಾಗ ನಾನು ಕಾಡುತ್ತಿದ್ದೆ: “ಕಾಕಾ, ಈ ಸಲಾನೂ ಖಾಲಿ ಕೈಯೇನ್ರಿ?”

ಒಂದು ರವಿವಾರ ಖಾಲಿ ಕೈ ಬರಲಿಲ್ಲ. ತೊಡೆಯ ಮೇಲೆ ಮದ್ದಳೆ, ಅರೆಮುಚ್ಚಿದ ಕಣ್ಣು, ಎತ್ತಿದ ಬಲಗೈ. ಕಲ್ಲಿನಷ್ಟು ಭಾರದ ಕರಿಮರ. ಯಾವ ಹಡಗಿನವನು ತಂದು ಮಾರಿದ್ದನೋ. ಕಾಕಾ ಅವನನ್ನು ನಡುವೆ ಕೂರಿಸಿ, ಅವತ್ತು ಇಡೀ ಮಜಲಿನ ಮನೆಗಳಿಗೆ ಪಾಯಸ ಹಂಚಿದರು.

ಆ ವರ್ಷ ಬಿಲ್ಡಿಂಗಿನ ಗಣಪತಿಯ ಅಲಂಕಾರಕ್ಕೆ ಅವರೇ ಬೊಂಬೆಗಳನ್ನು ಕೊಟ್ಟರು. ದೇವರ ಮುಂದೆ ಮೇಳ ಕೂತಂತಾಯಿತು. ಮದ್ದಳೆಯವನು ನಡುವೆ, ಗಣಪತಿಯ ಪಾದದ ಹತ್ತಿರ, ಉಳಿದವರು ಕೆಳಗಿನ ಮೆಟ್ಟಿಲಲ್ಲಿ. ವಿಸರ್ಜನೆಯ ದಿನ ನಾವೆಲ್ಲ ಮೂರ್ತಿ ಮುಳುಗಿಸಲು ಕಲ್ಯಾಣದ ಖಾಡಿಗೆ, ಸಮುದ್ರದ ಹಿನ್ನೀರಿಗೆ, ಹೋದೆವು. ಹಸಿದು ಬರುವವರಿಗೆ ಉಪ್ಪಿಟ್ಟು ಮಾಡಲು ಕಾಕಾ ಹಿಂದೆ ಉಳಿದರು.

ವಾಪಸು ಬಂದಾಗ ಅವರು ಷೋಕೇಸಿನ ಮುಂದೆ ನಿಂತಿದ್ದರು. ಮಂಟಪದಿಂದ ಮರಳಿ ತಂದವರಲ್ಲಿ ನಾಲ್ವರೇ ಇದ್ದರು, ಮದ್ದಳೆಯವನಿಲ್ಲ. ಕೆಳಗಿನ ಮನೆಯ ಮರಾಠಿ ಆಜಿ ಖುಷಿಯಿಂದ ಹೇಳಿದರು: “ಬಪ್ಪಾಚಾ ಢೋಲ್‌ವಾಲಾ ಬಪ್ಪಾಬರೋಬರ್ ಗೇಲಾ.” ಗಣಪತಿಯ ಮದ್ದಳೆಯವನು ಗಣಪತಿಯ ಜೊತೆಗೇ ಹೋದ ಅಂತ. ಕೊನೆಯ ಪೂಜೆಯ ಅಕ್ಷತೆ ಗಣಪತಿಯ ಜೊತೆ ಮದ್ದಳೆಯವನ ಮೇಲೂ ಬಿದ್ದಿತ್ತಂತೆ. ಅಕ್ಷತೆ ಬಿದ್ದ ಮೂರ್ತಿಯನ್ನು ಮನೆಯಲ್ಲಿಟ್ಟರೆ ಕಾಕಾಗೆ ಕೇಡಾದೀತೆಂದು ಹೆದರಿ, ನಿರ್ಮಾಲ್ಯದ ಹೂವಿನ ಬುಟ್ಟಿಯಲ್ಲೇ ಅವನನ್ನೂ ಇಟ್ಟು ನೀರಿಗೆ ಬಿಟ್ಟಿದ್ದರು. ನಾವು ಯಾರೂ ನೋಡಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಕಾಕಾ ಕೈ ಅಡ್ಡ ಹಿಡಿದರು. “ಬರಂ ಝಾಲಂ, ಆಜೀ” ಎಂದರು, ಒಳ್ಳೆಯದೇ ಆಯಿತೆಂದು. ಅವನನ್ನು ಗಣಪತಿಗೇ ಕೊಡಬೇಕೆಂದಿದ್ದೆ ಅಂತಲೂ ಮರಾಠಿಯಲ್ಲೇ ಸೇರಿಸಿ, ಅವರಿಗೆ ಉಪ್ಪಿಟ್ಟು ಬಡಿಸಿದರು.

ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು. “ನೀನು ಬಾಯಿ ಬಿಡಬೇಡ ಆಯ್ತಾ. ನನ್ನ ಒಳ್ಳೇದಕ್ಕೇ ಮಾಡಿದ್ದು ಅವರು. ಗೊತ್ತಾದ್ರೆ ಪಾಪ, ಆ ಅಜ್ಜಿಗೆ ಗಂಟಲಲ್ಲಿ ಅನ್ನ ಇಳಿಲಿಕ್ಕಿಲ್ಲ.” ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ, ತಿರುಗಿ ಪಾತ್ರೆ ತೊಳೆಯಲು ಕೂತರು.

ಆಮೇಲೆ ಅವರು ಉಲ್ಹಾಸನಗರಕ್ಕೆ ಹೋದದ್ದನ್ನು ನಾನು ಕಾಣೆ. ಮರುವರ್ಷವೂ ನಾಲ್ವರನ್ನು ಗಣಪತಿಗೆ ಕೊಟ್ಟರು. ಆಜಿ ಮಾತ್ರ ಪ್ರತಿ ವರ್ಷ ನಡುವಿನ ಖಾಲಿ ಜಾಗದಲ್ಲಿ ಒಂದು ಕೆಂಪು ದಾಸವಾಳ ಇಡುತ್ತಿದ್ದರು, ಕಾಕಾ ಮಾಡಿದ ದೊಡ್ಡ ದಾನ ಅಂತ. ಕಾಕಾ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದರು. ಆಜಿ ತೀರಿಹೋಗುವವರೆಗೂ ಅದನ್ನೇ ನಂಬಿದ್ದರು.

ಮುಂದೆ ಕಾಕಾ ತಂಗಿಯ ಮನೆಗೆಂದು ಊರಿಗೆ ಹೊರಟಾಗ ನಾಲ್ವರನ್ನೂ ನನ್ನ ಮಡಿಲಿಗೆ ಹಾಕಿದರು. “ಎಣ್ಣೆ ಮರೀಬೇಡ” ಎಂದಷ್ಟೇ ಹೇಳಿದ್ದು. ಎರಡು ಮಳೆಗಾಲ ಕಳೆದು ಅವರು ತೀರಿಕೊಂಡ ಸುದ್ದಿ ಬಂತು...

ಈಗಲೂ ಹಳೇ ಸಾಮಾನಿನ ಅಂಗಡಿ ಕಂಡರೆ ನನ್ನ ಕಣ್ಣು ಮದ್ದಳೆಯವನನ್ನೇ ಹುಡುಕುತ್ತದೆ. ಸಿಕ್ಕರೂ ಓಡಿಹೋಗಿ ತೋರಿಸಲು ಎದುರುಮನೆಯಿಲ್ಲ. ಮೊನ್ನೆ ಹಲ್ಲಿಗೆ ಹಚ್ಚಿ ಉಳಿದ ಎಣ್ಣೆಯಲ್ಲಿ ನಾಲ್ವರನ್ನೂ ಒರೆಸಿದೆ. ಕುಂಡದಿಂದ ಒಂದು ದಾಸವಾಳ ಕಿತ್ತು ತಂದು ನಡುವೆ ಇಟ್ಟೆ. ಆ ಜಾಗ ಯಾರದೆಂದು ತಿಳಿದವಳು ಈಗ ನಾನೊಬ್ಬಳೇ.